ಹೋಗುವ ಹಾದಿ ಎಂಟು ತಾಸು, ಬರುವ ಹಾದಿ ಹತ್ತೊಂಬತ್ತು

೧೮ ಜನವರಿ ೧೯೬೪, ಶನಿವಾರ

ಇವರು ಹೋಗಿ ಮೂರು ದಿನ. ಮನೆ ಗುಡಿಸಿಯೂ ಮೂರು ದಿನ.

ಅತ್ತೆಯ ಕಾಯಿದೆ ಇದು. ಮನೆಯಿಂದ ಪ್ರಯಾಣ ಹೊರಟವರು ಊರು ಮುಟ್ಟುವ ತನಕ ಕಸ ಹೊಡೆಯಬಾರದು, ತಲೆಗೆ ಎರೆದುಕೊಳ್ಳಬಾರದು. ಹಳಿಯಾಳಕ್ಕೆ ಹೋದವರ ಮಟ್ಟಿಗೆ ಅಡ್ಡಿಯಿಲ್ಲ, ಊಟದ ಹೊತ್ತಿಗೆ ಮುಟ್ಟಿರುತ್ತಾರೆ, ಸಂಜೆ ಗುಡಿಸಿದರಾಯಿತು. ಲಂಡನ್ನಿಗೆ ಹೋದವರ ಹೆಂಡತಿ ಏನು ಮಾಡಬೇಕು? ಸಂಕ್ರಾಂತಿಯ ಎಳ್ಳು ಇನ್ನೂ ನಡುಮನೆಯಲ್ಲಿ ಕಾಲಿಗೆ ಹತ್ತುತ್ತಿದೆ. ಉಳ್ಳಾಗಡ್ಡಿ ಸಿಪ್ಪೆ ಗಾಳಿಗೆ ಅಡಿಗೆಮನೆಯಿಂದ ಹೊರಟು ದೇವರ ಜಗಲಿಯ ತನಕ ಬಂದಿದೆ. ಅದಕ್ಕೂ ಪ್ರಯಾಣದ ಹುಚ್ಚು ಹಿಡಿದಂತಿದೆ.

ಹಾಗೆಂದು ನನಗೆ ಬೇಸರವಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯ ಇಷ್ಟು ಜನ ಫಿಟ್ಟರುಗಳಲ್ಲಿ ಇವರನ್ನೇ ಆರಿಸಿ, ಹೊಸ ಯಂತ್ರದ ಕೆಲಸ ಆರು ತಿಂಗಳು ಅಲ್ಲೇ ಇದ್ದು ಕಲಿತು ಬಾ ಎಂದು ಕಳಿಸಿದ್ದಾರೆ. ಕ್ವಾರ್ಟರ್ಸಿನ ಹೆಂಗಸರೆಲ್ಲ ನಲ್ಲಿಯ ಹತ್ತಿರ ನನಗೆ ಮೊದಲು ಕೊಡ ಇಡಲು ಬಿಡುತ್ತಿದ್ದಾರೆ. ಇವತ್ತು ನಡುರಾತ್ರಿ ಕಳೆದು ಒಂದು ಗಂಟೆಗೆ ಮುಂಬೈಯಿಂದ ವಿಮಾನ. ವಿಮಾನ ಬಿಡುವ, ಮುಟ್ಟುವ ವೇಳೆಯ ಹಾಳೆಯನ್ನು ಇವರು ಕನ್ನಡಿಯ ಪಕ್ಕ ಅಂಟಿಸಿ ಹೋಗಿದ್ದಾರೆ. ನಾಲ್ಕೂವರೆ ಸಾವಿರ ಮೈಲಿಯಂತೆ.

ಅಳ್ನಾವರದಲ್ಲಿ ರೈಲು ಹತ್ತುವ ಮುಂದೆ ಅಂದರು, "ನಾ ನಾಲ್ಕೂವರಿ ಸಾವಿರ ಮೈಲಿ ಹೊಂಟೇನಿ. ನೀ ಹದಿನಾರ ಮೈಲಿಗೆ ಅಂಜಬ್ಯಾಡ. ಆರ್ಡರ್ ಬಂತಂದ್ರ ಹೋಗಿ ಹಾಜರ್ ಆಗು."

ಅದು ಜೋಯಿಡಾದ ಶಾಲೆಯ ಮಾತು. ಮುಂಡಗೋಡದಲ್ಲಿ ಮುಲ್ಕಿ ಪರೀಕ್ಷೆ ಪಾಸಾಗಿ ಐದು ವರ್ಷ ರೊಟ್ಟಿ ಬಡಿದವಳಿಗೆ ಮಾಸ್ತರಿಣಿ ಆಗು ಎಂದು ಅರ್ಜಿ ತುಂಬಿಸಿದವರೇ ಇವರು. ಇಂಥ ಗಂಡ ಎಷ್ಟು ಜನರಿಗೆ ಸಿಕ್ಕಾನು?

೧೯ ಜನವರಿ, ರವಿವಾರ

ಗುಡಿಸಿಬಿಟ್ಟೆ!

ಹಾಳೆಯಲ್ಲಿ ಸ್ಪಷ್ಟ ಇದೆ. ರಾತ್ರಿ ಒಂದಕ್ಕೆ ಮುಂಬೈ, ಬೆಳಿಗ್ಗೆ ಒಂಬತ್ತಕ್ಕೆ ಲಂಡನ್. ಎಂಟು ತಾಸು. ದಾಂಡೇಲಿಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೋದರೂ ಹೆಚ್ಚು ಕಡಿಮೆ ಅಷ್ಟೇ ಹಿಡಿಯುತ್ತದೆ, ಮೇಲಿಂದ ಕುಲುಕಾಟ ಬೇರೆ. ಕಾರ್ಖಾನೆಯ ಎಂಟರ ಭೋಂಗಾ ಕೂಗಿ ಒಂದು ತಾಸು ಕಳೆಯಲಿ ಎಂದು ಕಾದಿದ್ದು, ಸೆರಗು ಸಿಕ್ಕಿಸಿ ಕಸಬರಿಗೆ ಹಿಡಿದೆ. ಅರ್ಧ ನಡುಮನೆ ಆಗುವುದರೊಳಗೆ ಅತ್ತೆ ಹಿತ್ತಲಿನಿಂದ ಬಂದರು.

"ಮುಟ್ಟಿದ ಸುದ್ದಿ ಬಂತೇನ?"

"ಒಂಬತ್ತಕ್ಕ ಮುಟ್ಟತೈತಿ ಅಂತ ಹಾಳ್ಯಾಗ ಬರದಾರ್ರಿ ಅತ್ತಿ."

"ಬರದಾವ್ರು ಅದರಾಗ ಕುಂತಾರೇನ?"

ಅತ್ತೆಗೆ ಓದು ಬಾರದು, ಆದರೆ ಇಂಥ ಒಂದು ಮಾತಿನಿಂದ ಓದಿದವರ ಬಾಯಿ ಮುಚ್ಚಿಸುವುದು ಬರುತ್ತದೆ. ನಾನು ಬಿಡಲಿಲ್ಲ. ಹಾಳೆಯನ್ನೇ ಕಿತ್ತು ತಂದು ಬೆರಳಿಟ್ಟು ಓದಿದೆ. ಎಂಟೇ ತಾಸು ಎಂದು ಎರಡೆರಡು ಸಲ ಹೇಳಿದೆ. ಅಲ್ಲಿಗೆ ಸುಮ್ಮನಿರಬೇಕಿತ್ತು.

"ಬರೂ ಮುಂದ ಎಷ್ಟ ಬರದಾರ?" ಅಂದರು.

ಕೆಳಗಿನ ಸಾಲು ಓದಿದೆ. ಲಂಡನ್ ಬಿಡುವುದು ಸಂಜೆ ಐದಕ್ಕೆ. ಮುಂಬೈ ಮುಟ್ಟುವುದು ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ. ಬೆರಳು ಮಡಚಿ ಎಣಿಸಿದೆ. ಹತ್ತೊಂಬತ್ತು. ಇನ್ನೊಮ್ಮೆ ಎಣಿಸಿದೆ. ಹತ್ತೊಂಬತ್ತೇ.

"ಹೋಗೂದ ಎಂಟ, ಬರೂದ ಹತ್ತೊಂಬತ್ತ?"

"ಎದುರಗಾಳಿ ಇರತೈತೇನೊ. ಇಲ್ಲಾಂದ್ರ ಏರ ಇರಬೇಕ್ರಿ."

"ಆಕಾಶದಾಗ ಏರ, ಇಳುಕಲ?" ಎಂದು ಕೇಳಿ ಅತ್ತೆ ಗೋಡೆಗೆ ಆತು ಕುಳಿತರು. ಮುಖ ಸಣ್ಣದಾಯಿತು. "ಹೋಗೂ ಹಾದಿ ಹತ್ತರ, ಬರೂ ಹಾದಿ ದೂರ. ಇದು ಚೊಲೋ ಲಕ್ಷಣ ಅಲ್ಲ."

ನಾನೇ ಓದಿ ನಾನೇ ಸಿಕ್ಕಿಬಿದ್ದೆ. ಆದರೂ ಉಳಿದ ಅರ್ಧ ಮನೆ ಗುಡಿಸಿಯೇ ಬಿಟ್ಟೆ.

೨೧ ಜನವರಿ, ಮಂಗಳವಾರ

ತಂತಿ ಬಂತು, ಸುಖವಾಗಿ ಮುಟ್ಟಿದ್ದಾರೆ. ಅತ್ತೆ ತಲೆಗೆ ಎರೆದುಕೊಂಡರು. ನಾನು ಮನೆಯನ್ನು ಮತ್ತೊಮ್ಮೆ ಗುಡಿಸಿದೆ, ಕೇಳಿಸಲೆಂದು ಗಟ್ಟಿಯಾಗಿ.

೩೧ ಜನವರಿ, ಶುಕ್ರವಾರ

ಪೋಸ್ಟಮನ್ ಪರಸಪ್ಪ ಆರ್ಡರ್ ತಂದುಕೊಟ್ಟ. ಜೋಯಿಡಾ ಪ್ರಾಥಮಿಕ ಶಾಲೆ, ಸಹಶಿಕ್ಷಕಿ, ಗುರುಬಸವ್ವ ಎಂದು ನನ್ನ ಹೆಸರು ಟೈಪು ಮಾಡಿದೆ. ಇಷ್ಟು ವರ್ಷದಲ್ಲಿ ನನ್ನ ಹೆಸರಿಗೆ ಬಂದ ಮೊದಲ ಟಪಾಲು. ಮಾರ್ಚ್ ಎರಡನೆಯ ತಾರೀಕು ಸೋಮವಾರದೊಳಗೆ ಹಾಜರಾಗಬೇಕು, ತಪ್ಪಿದರೆ ಕೆಲಸ ಮುಂದಿನವರಿಗೆ ಹೋಗುತ್ತದೆ. ಎರಡು ಸಲ ಓದಿದೆ, ಮೂರನೆಯ ಸಲ ಅತ್ತೆಗೆ ಕೇಳುವಂತೆ ಓದಿದೆ.

ಅತ್ತೆ ಜೋಳ ಹಸನು ಮಾಡುತ್ತಿದ್ದವರು ತಲೆ ಎತ್ತಲಿಲ್ಲ. "ಜೋಯಿಡಾಕ್ಕ ಹೊಳಿ ದಾಟಬೇಕು."

"ದಾಟಬೇಕ್ರಿ. ಬಸ್ಸ ದಾಟತೈತಿ, ನಾ ಈಸ ಬೀಳಬೇಕಾಗಿಲ್ಲ."

"ಗಂಡ ನೀರಿನ ಆಚಿ ಇದ್ದಾಗ ಹೇಣ್ತಿ ಹೊಳಿ ದಾಟೂದು ನಮ್ಮ ಮನ್ಯಾಗ ಇಲ್ಲ. ನಾಗಲಿಂಗ ಬರಲಿ. ಆಮ್ಯಾಲೆ ಎಲ್ಲಿಗರ ಹೋಗು."

"ಅವರು ಬರೂದು ಜುಲೈದಾಗ್ರಿ. ಸೋಮವಾರ ಮಾರ್ಚ್ ಎರಡಕ್ಕ ಹೋಗಲಿಲ್ಲಂದ್ರ ಕೆಲಸಾನ ಹೋತು. ಹೋಗು ಅಂತ ಅವರ ಹೇಳ್ಯಾರ್ರಿ, ನಿಮ್ಮ ಮಗಾನ."

"ಇಲ್ಲಿದ್ದಾಗ ಹೇಳ್ಯಾನ. ಈಗ ಸಮುದ್ರದ ಆಚಿ ಅದಾನ. ಮೊದಲ ಬರೂ ಹಾದಿ ಹತ್ತೊಂಬತ್ತ ತಾಸು ಐತಿ. ನೀ ಹೊಳಿ ದಾಟಿದಿ ಅಂದ್ರ ಇನ್ನೂ ಎಷ್ಟ ದೂರ ಆಗತೈತೊ!"

ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ. ಸರಕಾರ ಕೊಟ್ಟಿತು, ಅತ್ತೆ ಶಂಕ್ರವ್ವ ಕೊಡಲೊಲ್ಲರು. ಮೊರದಲ್ಲಿದ್ದ ಜೋಳವನ್ನು ಅಂಗಳಕ್ಕೆ ಸುರುವಬೇಕೆನಿಸಿತು. ಸುರುವಲಿಲ್ಲ, ಆರಿಸುವವಳು ನಾನೇ ತಾನೆ? ಕೂಡಲೇ ಇವರಿಗೆ ಪತ್ರ ಬರೆದು ವಿಮಾನದ ಟಪಾಲಿಗೆ ಹಾಕಿ ಬಂದೆ. "ಹೋಗು" ಎಂದು ನಿಮ್ಮ ತಾಯಿಗೆ ಒಂದು ಸಾಲು ಬರೆಯಿರಿ, ಸಾಕು.

೩ ಫೆಬ್ರುವರಿ, ಸೋಮವಾರ

ಅತ್ತೆಯೂ ನಾನೂ ಮಾತಾಡಿ ಮೂರು ದಿನ. ರೊಟ್ಟಿಯನ್ನು ಮಾತ್ರ ದಿನಾ ಗಟ್ಟಿಯಾಗಿ ಬಡಿಯುತ್ತಿದ್ದೇನೆ. ಅತ್ತೆ ಎರಡು ಉಣ್ಣುವವರು ಈಗ ಮೂರು ಉಣ್ಣುತ್ತಿದ್ದಾರೆ. ಮೆತ್ತಗಾಗುತ್ತವಂತೆ, ಬಡಿದಷ್ಟೂ.

೯ ಫೆಬ್ರುವರಿ, ರವಿವಾರ

ಈಗಲೇ ಬರೆದಿಡಬೇಕು.

ಸಂಜೆ ಗೋದುಬಾಯಿಯವರ ಮನೆಗೆ ಹೆಪ್ಪು ತರಲು ಹೋಗಿದ್ದೆ. ಪಕ್ಕದ ಸಾಲಿನ ಬೆಳಗಾವಿಯವರು ಅವರು, ಮನೆಯಲ್ಲಿ ರೇಡಿಯೋ ಇದೆ, ಇದೆ ಎಂಬುದನ್ನು ಯಾರೂ ಮರೆಯದಂತೆ ಅದರ ಮೇಲೆ ಕಸೂತಿಯ ಬಟ್ಟೆಯೂ ಇದೆ. "ಕೂಡ್ರಿ ವೈನಿ, ನಿಮ್ಮ ಯಜಮಾನರ ಊರು ಮಾತಾಡತದ" ಎಂದು ತಿರುಗಿಸಿದರು. ಗರಗರ ಸದ್ದಿನ ನಡುವೆ ಒಬ್ಬ ಹಿಂದಿಯಲ್ಲಿ, ಲಂಡನ್ನಿನಲ್ಲಿ ಈಗ ಮಧ್ಯಾಹ್ನ ಎರಡು ಗಂಟೆ ಎಂದ.

ಗೋದುಬಾಯಿಯವರ ಗೋಡೆಗಡಿಯಾರದಲ್ಲಿ ಏಳೂವರೆ. ಹೊರಗೆ ಕತ್ತಲೆ. ಅವರ ಗಡಿಯಾರ ನಿಂತಿದೆ ಎಂದುಕೊಂಡೆ. ನಿಂತಿರಲಿಲ್ಲ. "ಅಲ್ಲಿ ಮಧ್ಯಾಹ್ನ ಹೆಂಗ್ರಿ?" ಅಂದೆ. "ಅಲ್ಲಿ ಸೂರ್ಯ ತಡಾ ಮಾಡಿ ಬರತಾನ್ರಿ, ಸಾಹೇಬರ ಊರಲ್ಲೇನು" ಎಂದು ನಕ್ಕರು. ಅವರಿಗೆ ಅದು ನಗುವ ಮಾತು. ನಾನು ಹೆಪ್ಪು ಅಲ್ಲೇ ಮರೆತು ಬಂದೆ.

ಐದೂವರೆ ತಾಸು ಹಿಂದೆ ಇದೆ ಆ ಊರಿನ ಹೊತ್ತು. ಇವರು ಲಂಡನ್ನಿನಲ್ಲಿ ಇಳಿದಾಗ ಅಲ್ಲಿ ಒಂಬತ್ತು, ನಮ್ಮಲ್ಲಿ ಎರಡೂವರೆ. ಅಂದರೆ ಎಂಟು ತಾಸಲ್ಲ, ಹದಿಮೂರೂವರೆ. ಅಲ್ಲಿ ಸಂಜೆ ಐದು ಎಂದರೆ ನಮ್ಮಲ್ಲಿ ರಾತ್ರಿ ಹತ್ತೂವರೆ. ಹತ್ತೂವರೆಗೆ ಹೊರಟು ಮರುದಿನ ಹನ್ನೆರಡಕ್ಕೆ ಇಳಿದರೆ ಎಷ್ಟಾಯಿತು? ಹದಿಮೂರೂವರೆ!

ಹೋಗುವುದೂ ಬರುವುದೂ ಒಂದೇ. ಏರೂ ಇಲ್ಲ, ಇಳುಕಲೂ ಇಲ್ಲ, ಲಕ್ಷಣವೂ ಇಲ್ಲ. ಬೆಳಗಾಗಲಿ, ಶಂಕ್ರವ್ವನವರೇ!

೧೦ ಫೆಬ್ರುವರಿ, ಸೋಮವಾರ

ಮಾತು ಬಿಟ್ಟಿದ್ದನ್ನು ಮರೆತು ನಾನೇ ಮೊದಲು ಮಾತಾಡಿದೆ. ಅತ್ತೆ ಅಕ್ಕಿ ಕೇರುತ್ತಿದ್ದರು. ನಾನು ಸೂರ್ಯ, ಭೂಮಿ ಎಂದು ಶಾಲೆಯ ಪಾಠ ಶುರು ಮಾಡಿದೆ. ಅವರು ಕೇರುತ್ತಲೇ ಇದ್ದರು.

"ಭೋಂಗಾ ಆತಂದ್ರ ಎಲ್ಲಾರಿಗೂ ಹೊತ್ತ ಆತು. ನಮಗೊಂದು ಅವರಿಗೊಂದು ಎಲ್ಲಿಂದ ಬಂತು?"

ಈ ಊರಿನಲ್ಲಿ ಗಡಿಯಾರ ಇದ್ದವರೂ ಭೋಂಗಾ ಕೇಳಿಯೇ ಅದಕ್ಕೆ ಕೀಲಿ ಕೊಡುತ್ತಾರೆ. ಪಾಳಿ ಬದಲುವುದು, ಅಕ್ಕಿ ಇಡುವುದು, ಮಕ್ಕಳನ್ನು ಎಬ್ಬಿಸುವುದು ಎಲ್ಲ ಅದರ ಮೇಲೆಯೇ. ಹಾಗಾದರೆ ಭೋಂಗಾದಿಂದಲೇ ಹೇಳೋಣ ಎಂದುಕೊಂಡೆ.

"ಅಲ್ಲಿ ಬ್ಯಾರೆ ಭೋಂಗಾ ಐತ್ರಿ ಅತ್ತಿ. ನಮ್ಮದು ಆಗಿ ಐದೂವರಿ ತಾಸಿಗೆ ಅವರದು ಆಗತೈತಿ. ನಮ್ಮ ಭೋಂಗಾ ಕೇಳಿ ಹತ್ತಿ ಅವರ ಭೋಂಗಾ ಕೇಳಿ ಇಳದ್ರ ಲೆಕ್ಕ ಹೆಂಗ ಕೂಡತೈತ್ರಿ? ಒಂದ ಭೋಂಗಾ ಹಿಡದು ಎಣಸ್ರಿ."

ಅಕ್ಕಿಯ ಕಾಳು ಸಾಲು ಹಚ್ಚಿ ಎಣಿಸಿ ತೋರಿಸಿದೆ. ಹದಿಮೂರೂವರೆ ಅತ್ತ, ಹದಿಮೂರೂವರೆ ಇತ್ತ. ಅತ್ತೆ ತಾವೇ ಬೆರಳಿನಿಂದ ಒಂದೊಂದು ಕಾಳು ಸರಿಸಿದರು. ಎರಡು ಸಾಲೂ ಸರಿಯಾದವು. ನಾನು ಗೆದ್ದೆ ಎಂದು ಎದ್ದೇಳುವುದರೊಳಗೆ ಕೇಳಿದರು:

"ಹಂಗಾರ ನೀ ಆವತ್ತ ಕಸಾ ಹೊಡದಾಗ ಅಂವಾ ಇನ್ನೂ ಮ್ಯಾಲೇ ಇದ್ದಾ?"

ಇದು ನನಗೆ ಹೊಳೆದೇ ಇರಲಿಲ್ಲ! ನಾನು ಗುಡಿಸಿದ್ದು ಒಂಬತ್ತಕ್ಕೆ, ಇವರು ಇಳಿದದ್ದು ನಮ್ಮ ಎರಡೂವರೆಗೆ. ಸುಳ್ಳು ಹೇಳೋಣವೆಂದರೆ ಕಾಳುಗಳು ಅಲ್ಲೇ ಕುಳಿತಿದ್ದವು.

"ಹೌದ್ರಿ. ಇದ್ರು."

"ಬೀಳಲಿಲ್ಲಲಾ?"

"ಇಲ್ರಿ."

ಅತ್ತೆ ಬೈಯುತ್ತಾರೆ ಎಂದು ಕಾದೆ. ಕಾಳುಗಳನ್ನು ಬಳಿದು ಮೊರಕ್ಕೆ ಹಾಕಿಕೊಂಡು, "ಅವನ ಪತ್ರ ಬರಲಿ. ಹೋಗು ಅಂದಾ ಅಂದ್ರ ಹೋಗು" ಎಂದಷ್ಟೇ ಹೇಳಿದರು.

ಇವರು ಹೋಗು ಎನ್ನದೆ ಇನ್ನೇನು ಅಂದಾರು? ಟ್ರಂಕಿನಿಂದ ಎರಡು ಸೀರೆ ತೆಗೆದು ಬಿಸಿಲಿಗೆ ಹಾಕಿದೆ.

೧೯ ಫೆಬ್ರುವರಿ, ಬುಧವಾರ

ಪತ್ರ ಬಂತು.

ಅಲ್ಲಿಯವರು ಇನ್ನೊಂದು ವರ್ಷ ಇರು ಎಂದಿದ್ದಾರಂತೆ, ಇವರು ಒಪ್ಪಿದ್ದಾರಂತೆ. ಕೇಳಿದ್ದಲ್ಲ, ತಿಳಿಸಿದ್ದು. ನನ್ನ ಮಾತಿಗೆ ಬಂದರೆ, ಈಗ ಜೋಯಿಡಾ ಬೇಡ. ಗಂಡ ವಿಲಾಯತಿಯಲ್ಲಿ, ಹೆಂಡತಿ ಅಡವಿಯ ಶಾಲೆಯಲ್ಲಿ ಎಂದು ಕ್ವಾರ್ಟರ್ಸಿನ ಜನ ಆಡಿಕೊಳ್ಳುತ್ತಾರೆ. ಅವ್ವ ಹೇಳಿದಂತೆ ಕೇಳಿಕೊಂಡಿರು, ನಾನು ಬಂದ ಮೇಲೆ ನೋಡೋಣ. ನಡುವೆ ಒಮ್ಮೆ ಬಂದು ಹೋಗೋಣವೆಂದರೆ "ಸಣ್ಣ ಮಾತಲ್ಲ, ಬಹಳ ದೂರ."

ಅತ್ತೆಗೆ ಓದಿ ಹೇಳಬೇಕಿತ್ತು. ಒಂದಕ್ಷರ ಬಿಡದೆ ಓದಿದೆ. ಅವರು ಹೇಳಿದಂತೆಯೇ ಆಯಿತಲ್ಲ, ಹಿಗ್ಗುತ್ತಾರೆ ಎಂದುಕೊಂಡೆ. ಹಿಗ್ಗಲಿಲ್ಲ.

"ಎರಡೂ ಹಾದಿ ಒಂದ ಅಂದಿದ್ದಿಲ್ಲ ನೀ?"

"ಅಂದಿದ್ದೆ ರೀ."

"ಕಾಳ ಇಟ್ಟ ತೋರಿಸಿದ್ದಿಲ್ಲ?"

"ತೋರಿಸಿದ್ದೆ ರೀ."

"ಮತ್ತ ಇವಂಗ ಹೆಂಗ ದೂರ ಆತು?"

ನಾನು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅಳುತ್ತ ಕುಳಿತೆ. ಹತ್ತೊಂಬತ್ತು ತಾಸು ಎಂದೇ ಇರಗೊಡಬೇಕಿತ್ತು. ಹಾದಿಯನ್ನಾದರೂ ಬೈದುಕೊಂಡು ಇರುತ್ತಿದ್ದೆ. ಈಗ ಬೈಯಲು ಪತ್ರ ಬರೆದವರೊಬ್ಬರೇ ಉಳಿದಿದ್ದಾರೆ.

೨೨ ಫೆಬ್ರುವರಿ, ಶನಿವಾರ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗೋದುಬಾಯಿ ಲೊಚಗುಟ್ಟಿದರು. ಇನ್ನೂ ಕೈಯಲ್ಲೇ ಇದೆ, ಬಾಯಿ ನನ್ನದೇ ಎಂದೆ.

೨೪ ಫೆಬ್ರುವರಿ, ಸೋಮವಾರ

ಹೋಗುತ್ತೇನೆ.

ಐದು ದಿನ ಅವರ ಪತ್ರವನ್ನು ಎಲ್ಲ ಕಡೆಯಿಂದ ತಿರುವಿ ಹಾಕಿ ನೋಡಿದೆ. ತಾವು ಇನ್ನೊಂದು ವರ್ಷ ಇರಲು ನನ್ನನ್ನು ಕೇಳಬೇಕು ಎಂದು ಅವರಿಗೆ ಅನಿಸಲಿಲ್ಲ. ನಾನು ಹದಿನಾರು ಮೈಲಿ ಹೋಗಲು ಅವರ ಮನೆ, ಅವರ ಓಣಿ, ಅವರ ಕಾರ್ಖಾನೆ ಎಲ್ಲ ಹೂಂ ಅನ್ನಬೇಕು. ಇದ್ಯಾವ ನ್ಯಾಯ? ಆಡಿಕೊಳ್ಳುವ ಜನಕ್ಕೆ ನಾನು ಇಲ್ಲಿ ಸುಮ್ಮನೆ ಕುಳಿತರೂ ಆಡಿಕೊಳ್ಳಲು ಸಿಗುತ್ತದೆ. ಎಂಟು ವರ್ಷದ ಮಕ್ಕಳಿಗೂ ಜೋಯಿಡಾದಲ್ಲಿ ಕನ್ನಡ ಅಕ್ಷರ ಬಾರದಂತೆ, ಮನೆಯಲ್ಲಿ ಕೊಂಕಣಿ. ನನಗೆ ಕೊಂಕಣಿ ಬಾರದು. ಅವರೂ ಕಲಿಯಲಿ, ನಾನೂ ಕಲಿಯುತ್ತೇನೆ.

ಇನ್ನು ಅತ್ತೆಗೆ ಹೇಳುವುದೊಂದು ಉಳಿದಿದೆ. ಅವರು ಬಾಗಿಲಿಗೆ ಅಡ್ಡ ಮಲಗಿದರೆ ದಾಟಿಕೊಂಡು ಹೋಗಲಾರೆ. ಅದೊಂದೇ ನನಗೆ ಅಂಜಿಕೆ.

೨೭ ಫೆಬ್ರುವರಿ, ಗುರುವಾರ

ಹೇಳಿದೆ. ಮಧ್ಯಾಹ್ನ ಊಟ ಬಡಿಸುತ್ತ ಹೇಳಿಬಿಟ್ಟೆ, ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತೇನೆ, ಹೆಡ್‌ಮಾಸ್ತರರ ಮನೆಯ ಹಿಂದೆ ಒಂದು ಕೋಣೆ ಇದೆಯಂತೆ, ಶನಿವಾರ ಶನಿವಾರ ಬರುತ್ತೇನೆ, ಬೈಯುವುದಿದ್ದರೆ ಈಗಲೇ ಬೈಯಿರಿ ಎಂದು.

ಅತ್ತೆ ರೊಟ್ಟಿ ಮುರಿದವರು ಹಾಗೇ ಕೈಯಲ್ಲಿ ಹಿಡಿದು ಕುಳಿತರು.

"ನಿಮ್ಮ ಮಾವ ರಾಮನಗರದ ಆಚಿ ಗೋವಾಕ್ಕ ದುಡಿಯಾಕ ಹೋದಾಗ ನನಗ ನಿನ್ನಷ್ಟ ವಯಸ್ಸು. ಎರಡ ಮಳಿಗಾಲ ಬರಲಿಲ್ಲ. ನಮ್ಮತ್ತಿ ಹೊಳಿ ದಾಟಬ್ಯಾಡ ಅಂದ್ಲು, ನಾ ದಾಟಲಿಲ್ಲ. ಆಗ ನಾವು ಮೌಳಂಗ್ಯಾಗ ಇದ್ವಿ, ನನ್ನ ತವರ ಅದರ ಎದುರಿಗೆ, ಹೊಳಿ ಆಚಿ ದಂಡಿ. ನಮ್ಮವ್ವಗ ಜಡ್ಡ ಬಂತು. ಈ ದಂಡ್ಯಾಗ ನಿಂತ್ರ ನಮ್ಮ ಮನಿ ಹೊಗಿ ಕಾಣತಿತ್ತು. ದಿನಾ ಹೋಗಿ ಹೊಗಿ ನೋಡಿ ಬರತಿದ್ದೆ. ಒಂದಿನಾ ಹೊಗಿ ಕಾಣಲಿಲ್ಲ."

ನಾನು ಬಡಿಸುವ ಚಮಚ ಕೆಳಗಿಟ್ಟೆ.

"ನಿಮ್ಮ ಮಾವ ಬಂದಾ. ಹೊಸಾ ರೇಶಿಮಿ ಅಂಗಿ ಹಾಕ್ಕೊಂಡು ಬಂದಾ. ಯಾಕ ತಡಾ ಮಾಡಿದಿ ಅಂದ್ರ, ಭಾಳ ದೂರ ಆತು ಅಂದಾ. ಖರೇನ ದೂರ ಐತೆಂತ ಇಷ್ಟ ವರ್ಷ ನಂಬಿದ್ನೆವಾ ನಾ."

ಅಷ್ಟು ಹೇಳಿ ರೊಟ್ಟಿಗೆ ಪಲ್ಯ ಹಚ್ಚಿಕೊಂಡು ಉಂಡರು. ಇಷ್ಟು ದಿನ ಈ ಹೆಂಗಸಿನ ಮೇಲೆ ರೊಟ್ಟಿ ಬಡಿದು ಸಿಟ್ಟು ತೀರಿಸಿದೆನಲ್ಲ ಎಂದು ನಾಚಿಕೆಯಾಯಿತು. "ನೀವೊಬ್ರ ಹೆಂಗ ಇರತೀರಿ?" ಎಂದು ಕೇಳಿದೆ.

"ಯಾಕ, ನನ್ನ ಕಾಲ ಬಿದ್ದ ಹೋಗ್ಯಾವೇನ? ಶನಿವಾರ ಬರೂ ಮುಂದ ಅಲ್ಲಿ ಜೇನತು‌ಪ್ಪ ಚೊಲೋ ಸಿಗತೈತಿ, ತಗೊಂಡ ಬಾ."

೧ ಮಾರ್ಚ್, ರವಿವಾರ

ಟ್ರಂಕು ತುಂಬಿದ್ದಾಯಿತು. ಅತ್ತೆ ಶೇಂಗಾ ಚಟ್ನಿ ಕುಟ್ಟಿ ಕೊಟ್ಟಿದ್ದಾರೆ, ಜೋಯಿಡಾದ ಇಡೀ ಶಾಲೆಗೆ ಸಾಕಾಗುವಷ್ಟು.

ಮಧ್ಯಾಹ್ನ ಲಂಡನ್ನಿಗೆ ಉತ್ತರ ಬರೆಯಲು ಕುಳಿತೆ. ಅತ್ತೆ ಪಕ್ಕದಲ್ಲಿ ಬಂದು ಕುಳಿತು, "ನಾ ಹೇಳಿದಂಗ ಬರಿ" ಎಂದರು. "ನಿಮ್ಮವ್ವನೇ ಕಳಿಸ್ಯಾಳ, ಆಕಿ ಒತ್ತಾಯ ಮಾಡಿದ್ಲು ಅಂತ ಬರಿ. ಸಿಟ್ಟ ಬಂದ್ರ ನನ್ನ ಮ್ಯಾಲೆ ಬರಲಿ. ನನ್ನ ಬೈಯೂವಷ್ಟ ದೊಡ್ಡಾಂವ ಆಗಿಲ್ಲ ಇನ್ನೂ ಅಂವಾ."

ಹಾಗೆ ಬರೆದರೆ ಎಲ್ಲ ಸಲೀಸು. ಗಂಡನ ಮಾತು ಮೀರಿದವಳು ಎಂದು ಯಾರೂ ಅನ್ನುವಂತಿಲ್ಲ, ಅತ್ತೆಯ ಮಾತು ಕೇಳಿದ ಒಳ್ಳೆಯ ಸೊಸೆ ಆಗುತ್ತೇನೆ. ಆಮೇಲೆ ಬರೆದೆ, ಒಂದೇ ಉಸಿರಿಗೆ.

"ಓದು" ಅಂದರು. ಓದಿದೆ.

"ನಾಗಲಿಂಗಪ್ಪನವರಿಗೆ, ಗುರುಬಸವ್ವ ಬರೆಯುವುದು. ನಾಳೆ ಜೋಯಿಡಾಕ್ಕೆ ಹೋಗಿ ಹಾಜರಾಗುತ್ತೇನೆ. ನನ್ನನ್ನು ಯಾರೂ ಕಳಿಸಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ, ನಾನೇ ಹೋಗುತ್ತಿದ್ದೇನೆ. ನಿಮಗೆ ಹೋಗಲು ಎಷ್ಟು ಹಿಡಿಯಿತೋ ಬರಲೂ ಅಷ್ಟೇ ಹಿಡಿಯುತ್ತದೆ, ನಾನು ಎಣಿಸಿ ನೋಡಿದ್ದೇನೆ. ಬಂದಾಗ ನಾನು ಮನೆಯಲ್ಲಿ ಇಲ್ಲದಿದ್ದರೆ ಹದಿನಾರು ಮೈಲಿ ಮುಂದೆ ಬನ್ನಿ."

ಹೊರಗೆ ಎರಡರ ಭೋಂಗಾ ಆಗಿ, ಪಾಳಿ ಬಿಟ್ಟವರು ಓಣಿಯಲ್ಲಿ ಮಾತಾಡುತ್ತ ಹೋದರು.

"ನಾ ಹೇಳಿದ್ದು ಬರೀಲಿಲ್ಲ ನೀ."

"ಇಲ್ರಿ ಅತ್ತಿ."

ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಹರಿಯುತ್ತಾರೆ ಎಂದುಕೊಂಡೆ. ಓದು ಬಾರದವರು ಅದನ್ನು ಮೇಲಿಂದ ಕೆಳಗೆ ನೋಡಿ, ನನ್ನ ಸಹಿಯ ಹತ್ತಿರ ಬೆರಳಿಟ್ಟರು.

"ಇದ ನಿನ್ನ ಹೆಸರೇನ?"

"ಹೌದ್ರಿ."

"ನನ್ನದೂ ಹಾಕು."

ಕೆಳಗೆ ಬರೆಯಲು ಜಾಗ ಇತ್ತು. ಆದರೂ ನನ್ನ ಹೆಸರಿನ ಪಕ್ಕದಲ್ಲೇ ಬರೆದೆ.